ಹಾಳೆ ಬಿದ್ದ ಸದ್ದೋ, ಹೆಜ್ಜೆಯೋ: ಅನುಮಾನದ ಥ್ರಿಲ್ಲರ್ ಬರೆಯುವ ಕ್ರಮ

ಅಡಿಕೆ ತೋಟದ ನಡುವಿನ ಮನೆಯಲ್ಲಿ ರಾತ್ರಿ ಎಚ್ಚರ ಇದ್ದವರಿಗೆ ಈ ಸದ್ದು ಗೊತ್ತು. ಮೊದಲು ಎಲ್ಲೋ ಮೇಲೆ ಸರಸರ, ಆಮೇಲೆ ದೊಪ್ಪನೆ ಒಂದು ಪೆಟ್ಟು. ಹಗಲಾದರೆ ಅದು ಕಳಚಿ ಬಿದ್ದ ಅಡಿಕೆ ಹಾಳೆ, ಸೋಗೆಯ ಬುಡದ ಅಗಲ ಪೊರೆ. ಮೂರು ರಾತ್ರಿ ನಿದ್ದೆ ಕೆಟ್ಟವರಿಗೆ ಅದು ಅಂಗಳಕ್ಕೆ ಹಾರಿದ ಮನುಷ್ಯ. ಭ್ರಮೆ ಮತ್ತು ನಿಜ ಒಂದರೊಳಗೊಂದು ಕಲಸಿಹೋಗುವ ಥ್ರಿಲ್ಲರನ್ನು ಕಾಸರಗೋಡಿನ ನೆಲದಲ್ಲಿ ಕಟ್ಟಬೇಕೆಂದರೆ ಇಂಥ ಸದ್ದುಗಳಿಂದಲೇ ಶುರುಮಾಡಿ.

ಮೊದಲು ಒಂದು ಕಾಗದದ ಹಾಳೆಯಲ್ಲಿ ಕತೆಯ ನಿಜವನ್ನು ಬರೆದಿಡಿ. ಯಾರು, ಯಾವ ರಾತ್ರಿ, ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡಿದರು ಎಂಬುದೆಲ್ಲ ಅದರಲ್ಲಿರಲಿ. ಅನುಮಾನ ಪಾತ್ರಕ್ಕೂ ಓದುಗರಿಗೂ ಇರಬೇಕು, ಬರೆಯುವವರಿಗೆ ಇರಲೇಬಾರದು. ಈ ಹಾಳೆ ಇಲ್ಲದೆ ಹೊರಟ ಕತೆ ಮುಕ್ಕಾಲು ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಆಗ ಉಳಿಯುವ ದಾರಿ ಎರಡೇ: ಎಲ್ಲ ಕನಸು ಅನ್ನುವುದು, ಇಲ್ಲವೇ ಮುಖ್ಯ ಪಾತ್ರಕ್ಕೆ ತಲೆ ಸರಿಯಿಲ್ಲ ಅನ್ನುವುದು. ಎರಡೂ ಓದುಗರಿಗೆ ಮಾಡುವ ಮೋಸ.

ಕಣ್ಣಾರೆ ಕಂಡದ್ದನ್ನೂ ಒಬ್ಬರು ನಂಬದಂತೆ ಮಾಡುವುದಕ್ಕೆ ‘ಗ್ಯಾಸ್‌ಲೈಟಿಂಗ್’ ಅನ್ನುತ್ತಾರೆ, ಆ ಮಾತು ಹುಟ್ಟಿದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ 1938ರ ‘ಗ್ಯಾಸ್ ಲೈಟ್’ ನಾಟಕದಿಂದ. ಗಂಡ ರಾತ್ರಿ ಕದ್ದು ಮೇಲಿನ ಮಹಡಿಗೆ ಹೋಗಿ ಅಲ್ಲಿ ದೀಪ ಹಚ್ಚುತ್ತಾನೆ, ಕೆಳಗೆ ಹೆಂಡತಿಯ ಕೋಣೆಯ ದೀಪ ಮಂಕಾಗುತ್ತದೆ. ಗ್ಯಾಸಿನ ಕೊಳವೆ ಒಂದೇ, ಮೇಲೆ ಉರಿದರೆ ಕೆಳಗೆ ಕಮ್ಮಿ. ಅವಳು ಕಂಡದ್ದು ನಿಜ, ಅದಕ್ಕೆ ಗಟ್ಟಿಯಾದ ಭೌತಿಕ ಕಾರಣವೂ ಇದೆ. ನಿಮ್ಮ ಕತೆಗೆ ಬೇಕಾದದ್ದು ಇಂಥ ಒಂದು ‘ದೀಪ’.

ನಮ್ಮಲ್ಲಿ ಅದಕ್ಕೆ ಸುರಂಗ ಇದೆ. ಗುಡ್ಡದ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕೊರೆದ ದಾರಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬರುತ್ತದೆ. ಬದಿಯಡ್ಕದ ಕಡೆಯ ಒಂದು ಒಂಟಿ ಮನೆ ಅಂದುಕೊಳ್ಳಿ. 60 ದಾಟಿದ ಹೆಂಗಸು, ತೋಟ ನೋಡಿಕೊಳ್ಳಲು ಬಂದು ನಿಂತ ತಂಗಿಯ ಮಗ. ಕೆಲವು ದಿನ ಬೆಳಗ್ಗೆ ಟ್ಯಾಂಕಿನ ನೀರು ಕೆಂಪಗೆ ಕದಡಿರುತ್ತದೆ. “ಒಳಗೆ ಮಣ್ಣು ಜರಿದಿರಬೇಕು ದೊಡ್ಡಮ್ಮ” ಅನ್ನುತ್ತಾನೆ ಹುಡುಗ. ಮಣ್ಣು ಜರಿಯುವುದೂ ಉಂಟು, ಮುಳ್ಳುಹಂದಿ ಹೊಕ್ಕುವುದೂ ಉಂಟು. ನಿಮ್ಮ ಹಾಳೆಯಲ್ಲಿ ಮಾತ್ರ ಬೇರೆ ಬರೆದಿದೆ: ಅವನು ರಾತ್ರಿ ಒಳಗೆ ಹೋಗಿ ಜಾಗದ ದಾಖಲೆಗಳ ಡಬ್ಬ ಬಚ್ಚಿಟ್ಟಿದ್ದಾನೆ, ಕಾಲಿಟ್ಟಲ್ಲೆಲ್ಲ ತಳದ ಕೆಸರು ಎದ್ದಿದೆ. ಅಲ್ಲಿ ಚಾಲಿ ಅಡಿಕೆಯ (ಸಿಪ್ಪೆಸಹಿತ ಒಣಗಿಸಿ ಸುಲಿದ ಅಡಿಕೆಯ) ಗೋಣಿ ಅಡಗಿಸಿದ ಎಂದು ಬರೆಯಬೇಡಿ. ಆ ತೇವಕ್ಕೆ ಅಡಿಕೆಗೆ ಬೂಸಲು ಹಿಡಿಯುತ್ತದೆ ಎಂದು ಈ ಸೀಮೆಯ ಯಾವ ಓದುಗರಿಗೂ ಗೊತ್ತು, ಅಲ್ಲಿಗೆ ಅವರ ನಂಬಿಕೆ ಹೋಯಿತು.

ಈಗ ಘಟನೆಗಳ ಪಟ್ಟಿ. 5,000 ಪದಗಳ ಕತೆಗೆ ಏಳು ಸಾಕು. ಒಂದೊಂದರ ಎದುರು ಮೂರು ಕಲಂ ಹಾಕಿ: ಅವಳು ಏನೆಂದುಕೊಂಡಳು, ಮನೆಯವರು ಏನೆಂದರು, ನಿಜ ಏನು. ಏಳರಲ್ಲಿ ಮೂರು ಅವಳು ಹೇಳಿದ್ದೇ ಸರಿ ಇರಲಿ, ಮೂರು ಅವಳ ತಪ್ಪು ಎಣಿಕೆ ಇರಲಿ, ಒಂದು ಕೊನೆವರೆಗೂ ತೀರ್ಮಾನ ಆಗದೆ ಉಳಿಯಲಿ. ಮೂರೂ ಸರಿಗಳನ್ನು ಕೊನೆಗೆ ಒಟ್ಟು ಹಾಕಬೇಡಿ. ಎರಡನೆಯ ಘಟನೆಯಲ್ಲೇ ಒಮ್ಮೆ ಅವಳು ಸೋಲಲಿ, ಓದುಗರು ಅವಳ ಕೈ ಬಿಡಲಿ. ಆಮೇಲೆ ನಿಜ ಹೇಳಿದರೂ ಯಾರೂ ಕೇಳುವುದಿಲ್ಲ. ಭಯ ಇರುವುದು ಅಲ್ಲಿ.

ಸುಳಿವುಗಳೂ ಎರಡು ಬಾಯಿಯವೇ ಆಗಬೇಕು. ಹುಡುಗನ ಅಂಗಿ ತೋಳಿನ ಮೇಲೆ ನೀಲಿ ಕಲೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೀಲಿ ಮೈಲುತುತ್ತು ಇರುತ್ತದೆ. ಮಳೆ ಹಿಡಿಯುವ ಮೊದಲೊಮ್ಮೆ, ಮಳೆಗಾಲದ ನಡುವೆ ಮತ್ತೊಮ್ಮೆ ಹೊಡೆಯುವುದು. ಕತೆ ನಡೆಯುವ ಜನವರಿಯಲ್ಲಿ ಯಾರು ಹೊಡೆಯುತ್ತಾರೆ? ಆದರೆ ಹಳೆಯ ಅಂಗಿಯಲ್ಲಿ ಹಳೆಯ ಕಲೆ ಇರಬಾರದೆಂದೇನೂ ಇಲ್ಲವಲ್ಲ.

ಇನ್ನು ಭಾಷೆ. ಈ ಕೆಲಸಕ್ಕೆ ಕನ್ನಡದಷ್ಟು ಹದವಾದ ಸಲಕರಣೆ ಬೇರೆ ಬೇಡ. ಈ ನಾಲ್ಕು ವಾಕ್ಯ ನೋಡಿ: ಯಾರೋ ಬಂದ ಹಾಗಾಯಿತು. ಯಾರೋ ಬಂದಿರಬೇಕು. ಯಾರೋ ಬಂದಿದ್ದರು. ಅವನು ಬಂದಿದ್ದ. ಮೊದಲನೆಯದರಿಂದ ನಾಲ್ಕನೆಯದಕ್ಕೆ ಹೊಸ ಸಾಕ್ಷ್ಯ ಒಂದೂ ಸೇರಿಲ್ಲ, ‘ಹಾಗೆ’ ಬಿತ್ತು, ‘ಬೇಕು’ ಬಿತ್ತು, ‘ಯಾರೋ’ ಹೋಗಿ ‘ಅವನು’ ಕೂತ. ಭ್ರಮೆ ಗಟ್ಟಿಯಾಗುವುದು ಹೀಗೆಯೇ, ಸದ್ದಿಲ್ಲದೆ. ಕತೆಯ ಮೊದಲ ಕಾಲು ಭಾಗ ಒಂದನೆಯ ರೂಪದಲ್ಲಿರಲಿ, ಕೊನೆಯ ಕಾಲು ಭಾಗ ನಾಲ್ಕನೆಯದರಲ್ಲಿ. ಎಲ್ಲೂ ‘ಅವಳಿಗೆ ಸಂಶಯ ಹೆಚ್ಚಾಯಿತು’ ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ. ‘ತೋಟದಲ್ಲಿ ಇದ್ದರು’ ಅಂದರೆ ಒಬ್ಬ ಹಿರಿಯರೋ, ಹಲವರೋ? ಗೌರವದ ಬಹುವಚನ ಲೆಕ್ಕವನ್ನೂ ಲಿಂಗವನ್ನೂ ಒಟ್ಟಿಗೆ ಮುಚ್ಚುತ್ತದೆ, ಇದನ್ನು ಒಂದೇ ಒಂದು ಕಡೆ ಬಳಸಿ. ‘ಅಂತೆ’ಯನ್ನು ಪಕ್ಕದ ಮನೆಯವರ ಬಾಯಿಗೆ ಬಿಡಿ.

ಗಡಿನಾಡಿನವರಿಗೆ ಇನ್ನೊಂದು ಅನುಕೂಲ, ಅರ್ಧ ಮಾತ್ರ ತಿಳಿಯುವ ಭಾಷೆ. ಗೋಡೆಯಾಚೆ ಹುಡುಗ ಫೋನಿನಲ್ಲಿ ಮಲಯಾಳದಲ್ಲಿ ಮಾತಾಡುತ್ತಿದ್ದಾನೆ. ಅವನು ಅಂದದ್ದು ‘ಕೊಳ್ಳಾಂ’, ಅಂದರೆ ಚೆನ್ನಾಗಿದೆ, ಆಗಬಹುದು. ಅವಳಿಗೆ ಕೇಳಿಸಿದ್ದು ‘ಕೊಲ್ಲಾಂ’, ಅಂದರೆ ಕೊಲ್ಲಬಹುದು. ನಡುವೆ ಒಂದು ಅಕ್ಷರ, ಒಂದು ಮಣ್ಣಿನ ಗೋಡೆ, ಗಾಳಿಯ ಸದ್ದು. ಈ ದೃಶ್ಯದಲ್ಲಿ ಅರ್ಥ ಬಿಡಿಸಿ ಹೇಳಬೇಡಿ. ಎರಡು ಪುಟದ ಹಿಂದೆ ಪೇಟೆಯ ಅಂಗಡಿಯಲ್ಲಿ ಯಾರೋ ಸೀರೆ ನೋಡಿ ‘ಕೊಳ್ಳಾಂ’ ಅಂದಿರಲಿ. ಕಚೇರಿಯಿಂದ ಮಲಯಾಳದಲ್ಲಿ ಬಂದ ನೋಟೀಸೂ ಹೀಗೆಯೇ. ಅವಳಿಗೆ ಓದಲು ಬಾರದು, ಓದಿ ಹೇಳುವವನು ಅದೇ ಹುಡುಗ.

ಪಾತ್ರದ ಮನಸ್ಸು ಕದಡುವುದಕ್ಕೂ ಕಾರಣ ಬೇಕು. ನಿದ್ದೆಗೇಡು ಒಂದು. ಇನ್ನೊಂದು, ಬಿ.ಪಿ.ಗೆ ಕೊಡುವ ಥೈಯಜೈಡ್ ವರ್ಗದ ಮಾತ್ರೆಗಳಿಂದ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯುವುದುಂಟು. ಲೀಟರಿಗೆ 135–145 ಮಿಲಿಮೋಲ್ ಇರಬೇಕಾದದ್ದು ತೀರಾ ಕೆಳಗಿಳಿದರೆ ಗೊಂದಲ ಶುರು. ಇಂಥ ಗೊಂದಲ ಏರಿಳಿಯುತ್ತದೆ, ಬೆಳಗ್ಗೆ ಸ್ಪಷ್ಟವಾಗಿದ್ದವರು ಸಂಜೆಗೆ ತಪ್ಪುತ್ತಾರೆ. ನಿಮಗೆ ಇದು ವರ: ಬೆಳಗ್ಗಿನ ಅವಳ ಮಾತು ನಂಬಬಹುದು, ರಾತ್ರಿಯದ್ದು ಕಷ್ಟ. ಭ್ರಮೆ ಬೆಳೆಯುವ ಹಂತಗಳನ್ನು ಜರ್ಮನಿಯ ಮನೋವೈದ್ಯ ಕ್ಲೌಸ್ ಕೊನ್ರಾಡ್ 1958ರಲ್ಲಿ ವಿವರಿಸಿದ. ಮೊದಲು ಏನೋ ಆಗಲಿದೆ ಎಂಬ ಬಿಗುವು, ಆಮೇಲೆ ಸಂಬಂಧವಿಲ್ಲದ ಸಂಗತಿಗಳೆಲ್ಲ ತನ್ನನ್ನೇ ಕುರಿತದ್ದು ಎಂದು ಒಮ್ಮೆಲೇ ಹೊಳೆಯುವುದು. ಹೊಸಬರು ಬಿಗುವನ್ನು ಬಿಟ್ಟು ನೇರ ಹೊಳಹಿಗೆ ಹಾರುತ್ತಾರೆ, ಪಾತ್ರ ಕಾಗದದ್ದಾಗುತ್ತದೆ. ಕಾಯಿಲೆ ಇದ್ದವರನ್ನು ಕೊಲೆಗಾರರನ್ನಾಗಿ ಮಾಡುವ ಹಳೇ ಚಾಳಿಯನ್ನಂತೂ ದಯವಿಟ್ಟು ಬಿಡಿ.

ದೈವ, ಮಾಟ, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವುದು ಕತೆಯೊಳಗೆ ಬಂದೇ ಬರುತ್ತವೆ, ಬರಲಿ. ಆದರೆ ಪಾತ್ರಗಳು ಕೊಡುವ ವಿವರಣೆಯಾಗಿ ಮಾತ್ರ. ಕತೆಯ ಗಂಟನ್ನು ದೈವದಿಂದ ಬಿಚ್ಚಿದರೆ ನಂಬುವವರಿಗೆ ಅನುಮಾನವೇ ಉಳಿಯದು, ನಂಬದವರಿಗೆ ಕತೆಯೇ ಉಳಿಯದು.

ಬರೆದು ಮುಗಿದ ಮೇಲೆ ಇಬ್ಬರಿಗೆ ಕೊಡಿ, ಒಬ್ಬರು ತೋಟದ ಮನೆಯವರು, ಇನ್ನೊಬ್ಬರು ಪೇಟೆಯವರು. ಇಷ್ಟ ಆಯಿತೇ ಎಂದು ಕೇಳಬೇಡಿ. ಅವಳನ್ನು ನಂಬುವುದು ಬಿಟ್ಟದ್ದು ಯಾವ ಪುಟದಲ್ಲಿ, ಮತ್ತೆ ನಂಬಿದ್ದು ಯಾವ ಪುಟದಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಒಂದೂ ಗುರುತು ಬೀಳದಿದ್ದರೆ ಎರಡನೆಯ ಘಟನೆಯಲ್ಲಿ ಅವಳ ಸೋಲು ಸಾಲದು. ನಾಲ್ಕನೆಯ ಪುಟದಲ್ಲೇ ಇಬ್ಬರೂ ಹುಡುಗನೇ ತಪ್ಪಿತಸ್ಥ ಎಂದು ಗುರುತು ಹಾಕಿದ್ದರೆ ನೀಲಿ ಕಲೆ ಬೇಗ ಬಂತು, ಅದನ್ನು ಸುರಂಗದ ನೀರು ಎರಡನೇ ಸಲ ಕದಡಿದ ಮೇಲಕ್ಕೆ ಸರಿಸಿ.