ಆಧಾರ್ ಬಗ್ಗೆ ವಾದ ಮಾಡುವುದನ್ನು ನಾನು ಕಲಿತದ್ದು

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮುಂದೆ ಒಂದು ಉದ್ದನೆಯ ಬೆಂಚು ಹಾಕಿದ್ದೇನೆ, ದಿನಾ ಎರಡು ಪೇಪರ್ ತರಿಸುತ್ತೇನೆ. ಕೋರ್ಟ್ ಕೆಲಸಕ್ಕೆ ಬಂದವರು, ಕೊಬ್ಬರಿ ಮಾರೋಕೆ ಬಂದ ರೈತರು, ಪಿಂಚಣಿ ಅರ್ಜಿ ಹಿಡಿದ ಹಿರಿಯರು, ಎಲ್ಲರೂ ಅಲ್ಲೇ ಕೂತು ಓದುತ್ತಾರೆ. ಓದಿ ಮುಗಿಸುವ ಹೊತ್ತಿಗೆ ವಾದ ಶುರುವಾಗಿರುತ್ತದೆ.

2017ರ ಆಗಸ್ಟ್ 25ರ ಬೆಳಿಗ್ಗೆ ಎರಡೂ ಪೇಪರಿನ ಮುಖಪುಟದಲ್ಲಿ ಒಂದೇ ಸುದ್ದಿ. ಆಧಾರ್ ಪ್ರಶ್ನಿಸಿದ್ದ ಕೇಸಿನಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹಿಂದಿನ ದಿನ ಒಮ್ಮತದಿಂದ ಹೇಳಿದ್ದರು. ನಮ್ಮ ಬೆಂಚಿಗೆ ದಿನಾ ಬರುವ ನಿವೃತ್ತ ಗಣಿತದ ಮೇಷ್ಟ್ರು ಪೇಪರ್ ಮಡಚಿಟ್ಟು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರಿಗೆ ಮಾತ್ರ ಬೇಕು ಇದೆಲ್ಲ. ನಾನು ಏನೂ ಕದ್ದಿಲ್ಲ, ನಂಗೇನು ಭಯ?" ಎಂದರು. ಅವರ ಮಾತು ತಪ್ಪು ಅಂತ ನನಗೆ ಅನ್ನಿಸಿತು. ಯಾಕೆ ತಪ್ಪು ಅಂತ ಹೇಳಲು ಬರಲಿಲ್ಲ. ಸುಮ್ನೆ ದನಿ ಏರಿಸಿದೆ. ಅವರೂ ಏರಿಸಿದರು. ಎರಡು ದಿನ ಮೇಷ್ಟ್ರು ಬೆಂಚಿನ ಕಡೆ ಬರಲಿಲ್ಲ.

ಆಗ ಆಧಾರ್ ಜೋಡಣೆಯ ಭರಾಟೆ. ಸಿಮ್‌ಗೆ ಜೋಡಿಸಿ, ಬ್ಯಾಂಕಿಗೆ ಜೋಡಿಸಿ ಅಂತ ಎಲ್ಲರಿಗೂ ಮೆಸೇಜು ಬರುತ್ತಿತ್ತು. ನನ್ನ ಮೆಷಿನ್ನಿಗೆ ಬಿಡುವೇ ಇರಲಿಲ್ಲ. ಆ ಕಾರ್ತಿಕದಲ್ಲಿ ಒಂದು ಸಂಜೆ ಮಗಳಿಗೆ ಕಡಲೆಕಾಯಿ ಕೊಡಿಸಿದೆ. ತಿಂದು ಮುಗಿಸಿ ಅವಳು ಪೊಟ್ಟಣ ಬಿಡಿಸಿದಳು. "ಅಪ್ಪ, ಇದ್ರಲ್ಲಿ ಯಾವುದೋ ಅಜ್ಜಿ ಫೋಟೋ ಇದೆ" ಎಂದಳು. ತೆಗೆದು ನೋಡಿದರೆ ಆಧಾರ್ ಪ್ರತಿ. ಹೆಸರು, ಊರು, 12 ಅಂಕಿ, ಎಲ್ಲ ಓದುವ ಹಾಗಿತ್ತು. ಹಾಳೆಯ ಎಡಗಡೆ ಮೇಲಿಂದ ಕೆಳಗೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಇತ್ತು. ಆ ಗೆರೆ ನನಗೆ ಚೆನ್ನಾಗಿ ಗೊತ್ತು. ನನ್ನ ಮೆಷಿನ್ನಿನ ಡ್ರಮ್ಮಿಗೆ ಗೀರು ಬಿದ್ದು ತಿಂಗಳಾಗಿತ್ತು. ಕಪ್ಪಾಗಿ ಬಂದ ಪ್ರತಿಗಳನ್ನು ಒಂದು ಡಬ್ಬಕ್ಕೆ ಹಾಕಿ, ತುಂಬಿದ ಮೇಲೆ ರದ್ದಿಗೆ ಮಾರುತ್ತಿದ್ದೆ. ಆ ಅಜ್ಜಿಯ ಗುರುತನ್ನು ಕೆಜಿ ಲೆಕ್ಕದಲ್ಲಿ ಮಾರಿದವನು ನಾನೇ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರಿಗೆ ಕೊಡಬೇಕಾಗಿದ್ದ ಉತ್ತರ ಆ ಪೊಟ್ಟಣದಲ್ಲಿತ್ತು. ಅಜ್ಜಿ ಏನೂ ಕದ್ದಿರಲಿಲ್ಲ. ಆದರೂ ಅವರ ವಿವರ ಸಂತೆಗೆ ಬಂದಿತ್ತು, ಅದು ಅವರಿಗೆ ಗೊತ್ತೂ ಇರಲಿಲ್ಲ.

ಅಲ್ಲಿಂದ ಓದೋಕೆ ಶುರು ಮಾಡಿದೆ. ಮೊದಲು ತಿಳಿದುಕೊಂಡದ್ದು ಕೇಸು ಹಾಕಿದವರ ಬಗ್ಗೆ. ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಕೂಡ ಬೆಂಗಳೂರಿನವರೇ. ಕಟ್ಟಿದವರೂ ನಮ್ಮವರು, ಪ್ರಶ್ನಿಸಿದವರೂ ನಮ್ಮವರು. ಇದನ್ನು ಹೇಳಿದಾಗ ಬೆಂಚಿನ ಮೇಲಿದ್ದವರು ಕಿವಿ ನೆಟ್ಟಗೆ ಮಾಡಿಕೊಂಡರು. ಅದುವರೆಗೆ ಅವರಿಗೆ ಇದು ದೆಹಲಿಯ ಜಗಳವಾಗಿತ್ತು.

ಪುಟ್ಟಸ್ವಾಮಿಯವರ ಪ್ರಶ್ನೆ ನೇರವಾಗಿತ್ತು. ಜನರ ಬೆರಳಚ್ಚು, ಕಣ್ಣಿನ ಗುರುತು ತಗೊಳ್ಳುತ್ತಿದ್ದೀರಿ, ಯಾವ ಕಾನೂನಿನ ಕೆಳಗೆ? ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ, ಮಹಾರಾಷ್ಟ್ರದ ಟೆಂಭಲಿ ಎಂಬ ಹಳ್ಳಿಯಲ್ಲಿ. ಆಧಾರ್ ಕಾಯ್ದೆ ಬಂದದ್ದು 2016ರಲ್ಲಿ. ನಡುವಿನ ಅಷ್ಟೂ ವರ್ಷ ಸಂಸತ್ತು ಮಾಡಿದ ಕಾನೂನಿಲ್ಲದೆ ಸರ್ಕಾರಿ ಆದೇಶದ ಮೇಲೇ ಕೆಲಸ ನಡೆದಿತ್ತು.

ಇದನ್ನು ಓದುವಾಗ ನಮ್ಮ ಜಗಳ ಎಲ್ಲಿ ಹಾದಿ ತಪ್ಪುತ್ತಿತ್ತು ಅಂತ ಹೊಳೆಯಿತು. ನಾವು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೆವು. ಮೆಷಿನ್ ಇದನ್ನು ಮಾಡುತ್ತಾ? ಕಾನೂನು ಬಿಡುತ್ತಾ? ಮಾಡೋದು ಸರೀನಾ? ಮೇಷ್ಟ್ರು ಮೆಷಿನ್ ಬಗ್ಗೆ ಹೇಳಿದರೆ ನಾನು ಸರಿ ತಪ್ಪಿನ ಉತ್ತರ ಕೊಡುತ್ತಿದ್ದೆ. ನಾನು ಕಾನೂನು ಎತ್ತಿದರೆ ಅವರು "ಪಡಿತರದ ಕಳ್ಳತನ ನಿಂತಿತಲ್ಲ" ಎನ್ನುತ್ತಿದ್ದರು. ಮರುದಿನ ಒಂದು ರಟ್ಟಿನ ಮೇಲೆ ಮೂರು ಪ್ರಶ್ನೆ ಬರೆದು ಗೋಡೆಗೆ ಅಂಟಿಸಿದೆ. ಮಾತು ಬಿಸಿಯಾದಾಗ ಯಾರಾದರೂ ರಟ್ಟಿನ ಕಡೆ ಕೈ ತೋರಿಸಿ, "ಈಗ ಯಾವುದರ ಮೇಲೆ ಮಾತು?" ಎಂದು ಕೇಳಬೇಕು. ಅಷ್ಟೇ ನಿಯಮ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು.

ಪಡಿತರದ ವಿಷಯ ಬಂದಾಗ ಈ ರಟ್ಟು ನಿಜಕ್ಕೂ ಉಪಯೋಗಕ್ಕೆ ಬಂತು. ಅಡಿಕೆ ಸುಲಿಯುವ ಒಬ್ಬ ಹೆಂಗಸು ಅರ್ಜಿ ಬರೆಸೋಕೆ ಬಂದಿದ್ದರು. "ಮೂರು ಸಲ ಒತ್ತಿದೆ ಕಣಪ್ಪ, ಬರಲಿಲ್ಲ, ನಾಳೆ ಬಾ ಅಂದ್ರು" ಎಂದು ಹೆಬ್ಬೆರಳು ತೋರಿಸಿದರು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಬೆರಳಿನ ಮೇಲೆ ಗೆರೆಯೇ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು, ಉಗುರಿನ ಸುತ್ತ ಅಡಿಕೆಯ ಚೊಗರು ಕಪ್ಪಾಗಿ ಹಿಡಿದಿತ್ತು.

ಅವತ್ತು ಮೇಷ್ಟ್ರೇ ಲೆಕ್ಕ ಬಿಡಿಸಿ ಹೇಳಿದರು. ಬೆರಳಚ್ಚು ಮೆಷಿನ್ 'ಹೌದು', 'ಅಲ್ಲ' ಅಂದರೂ ಒಳಗೆ ಅದು ಮಾಡುವುದು ಅಂದಾಜು. ಎಷ್ಟು ಹೊಂದಿದರೆ ಸಾಕು ಅಂತ ಒಂದು ಗೆರೆ ಹಾಕಿರುತ್ತಾರೆ. ಗೆರೆ ಮೇಲೆ ಏರಿಸಿದರೆ ಕಳ್ಳರು ಹೊರಗುಳಿಯುತ್ತಾರೆ, ಜೊತೆಗೆ ಇಂಥ ಸವೆದ ಬೆರಳಿನವರೂ ಹೊರಗುಳಿಯುತ್ತಾರೆ. ಕೆಳಗಿಳಿಸಿದರೆ ಇವರು ಒಳಗೆ ಬರುತ್ತಾರೆ, ಬೇರೆಯವರೂ ನುಸುಳಬಹುದು. ಎರಡು ತಪ್ಪನ್ನೂ ಒಟ್ಟಿಗೆ ಸೊನ್ನೆ ಮಾಡೋಕೆ ಆಗುವುದಿಲ್ಲ. ಇದು ಮೊದಲ ಪ್ರಶ್ನೆಗೆ ಉತ್ತರ. ಹಾಗಾದರೆ ಮೆಷಿನ್ ತಪ್ಪಿದಾಗ ನಷ್ಟ ಯಾರು ಹೊರಬೇಕು? ಅಕ್ಕಿ ಇಲ್ಲದೆ ವಾಪಸ್ ಹೋಗುವ ಆ ಹೆಂಗಸಾ, ಸರ್ಕಾರವಾ? ಇದು ಮೂರನೆಯ ಪ್ರಶ್ನೆ. ಇದನ್ನು ಯಾವ ಮೆಷಿನ್ನೂ ತೀರ್ಮಾನಿಸೋದಿಲ್ಲ, ನಾವೇ ತೀರ್ಮಾನಿಸಬೇಕು. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.

2018ರ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಆಧಾರ್ ದತ್ತಾಂಶ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಸುರಕ್ಷಿತವಾಗಿದೆ ಎಂದು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಸುಪ್ರೀಂ ಕೋರ್ಟಿನಲ್ಲಿ ಹೇಳಿದ್ದರು. ಗೋಡೆ ಗಟ್ಟಿ ಇರಬಹುದು. ಆದರೆ ನನ್ನ ಅಂಗಡಿಯ ಡಬ್ಬ ಗೋಡೆಯ ಈಚೆ ಇತ್ತಲ್ವಾ? ಆಧಾರ್ ಓಡಾಡುವುದು ಲಾಡ್ಜಿನ ಮೇಜಿನ ಮೇಲೆ, ಸಿಮ್ ಅಂಗಡಿಯಲ್ಲಿ, ಫೋನಿನ ಗ್ಯಾಲರಿಯಲ್ಲಿ. ಕಡಲೆಕಾಯಿ ಪೊಟ್ಟಣದ ಕಥೆಯನ್ನು ನಾನು ಬೆಂಚಿನ ಮುಂದೆ ಮೊದಲ ಸಲ ಹೇಳಿದ್ದು ಅವತ್ತೇ. ಹೇಳೋಕೆ ಕಷ್ಟವಾಯಿತು. ಆದರೆ ಅದನ್ನು ಮುಚ್ಚಿಟ್ಟುಕೊಂಡು ಬೇರೆಯವರಿಗೆ ಬುದ್ಧಿ ಹೇಳುವ ಹಕ್ಕು ನನಗಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 26ಕ್ಕೆ ಆಧಾರ್ ಕೇಸಿನ ಅಂತಿಮ ತೀರ್ಪು ಬಂತು. ಸಂಜೆ ಬೆಂಚಿನ ಮೇಲೆ ಎರಡೂ ಕಡೆಯವರು ಗೆದ್ದೆವು ಎನ್ನುತ್ತಿದ್ದರು. ಒಬ್ಬರು ಆಧಾರ್ ಉಳಿಯಿತು ಎಂದರೆ, ಇನ್ನೊಬ್ಬರು ಆಧಾರ್ ಹೋಯಿತು ಎಂದರು. ಈ ಸಲ ತಲೆಬರಹ ನಂಬಬಾರದು ಅಂತ ನಿರ್ಧರಿಸಿದ್ದೆ. ತೀರ್ಪು 1,448 ಪುಟ. ಪ್ರಿಂಟರ್ ನನ್ನದೇ, ಎರಡೂ ಬದಿ ತೆಗೆದರೂ ಸುಮಾರು ಒಂದೂವರೆ ರೀಮ್. ಎಲ್ಲ ಬೇಡ ಅಂತ ಎದುರಿನ ಕೋರ್ಟಿನ ಒಬ್ಬ ಯುವ ವಕೀಲೆ ದಾರಿ ತೋರಿಸಿದರು. ಬಹುಮತದ ತೀರ್ಪಿನ ಕೊನೆಯಲ್ಲಿ ಪ್ರಶ್ನೆ, ಉತ್ತರದ ಹಾಗೆ ತೀರ್ಮಾನಗಳಿರುತ್ತವೆ, ಮೊದಲು ಅದನ್ನು ಓದಿ, ಆಮೇಲೆ ಭಿನ್ನಮತ ಓದಿ ಎಂದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿಘಂಟು ಇಟ್ಟುಕೊಂಡು ರಾತ್ರಿ ಮೂರು ನಾಲ್ಕು ಪುಟ ಸಾಗುತ್ತಿತ್ತು. ಸುಮಾರು ಎರಡು ತಿಂಗಳು ಹಿಡಿಯಿತು.

ಓದಿದ ಮೇಲೆ ಗೊತ್ತಾಯಿತು, ಎರಡೂ ತಲೆಬರಹ ಅರ್ಧರ್ಧ ನಿಜ. 4:1ರ ಬಹುಮತದಲ್ಲಿ ಕಾಯ್ದೆ ಉಳಿದಿತ್ತು. ಸಬ್ಸಿಡಿ, ಪಡಿತರಕ್ಕೆ ಆಧಾರ್ ಕೇಳಬಹುದು, ಪ್ಯಾನ್‌ಗೆ ಜೋಡಿಸಬೇಕು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಮಾಡುವ ಹಾಗಿಲ್ಲ. ಬೆರಳಚ್ಚು ಹೊಂದಲಿಲ್ಲ ಅಂತ ಅರ್ಹರನ್ನು ಬರಿಗೈಲಿ ಕಳಿಸಬಾರದು ಎಂಬ ಮಾತೂ ಅಲ್ಲಿತ್ತು. ಅದೊಂದು ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಟ್ಟುಕೊಂಡೆ. ಅಡಿಕೆ ಸುಲಿಯುವವರ ಅರ್ಜಿಗಳ ಜೊತೆ ಅದರ ಪ್ರತಿ ಇಡುತ್ತೇನೆ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಒಬ್ಬಂಟಿಯಾಗಿ ಭಿನ್ನಮತ ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಕಾಯ್ದೆಯನ್ನು ರಾಜ್ಯಸಭೆಯ ಒಪ್ಪಿಗೆ ಬೇಡದ ಹಣಕಾಸು ಮಸೂದೆ ಎಂದು ಪಾಸು ಮಾಡಿದ್ದೇ ಸಂವಿಧಾನಕ್ಕೆ ಮಾಡಿದ ಮೋಸ ಎಂದಿದ್ದರು. ನನ್ನ ಮನಸ್ಸು ಅವರ ಕಡೆಗಿತ್ತು. ಅದಕ್ಕೇ ಬಹುಮತದ ವಾದವನ್ನು ಎರಡು ಸಲ ಓದಿದೆ. ಮೇಷ್ಟ್ರ ಜೊತೆ ಕೂತು, "ನಿಮ್ಮ ಕಡೆಯ ವಾದವನ್ನು ನಾನೇ ಹೇಳ್ತೀನಿ, ಸರಿ ಇದೆಯಾ ನೋಡಿ" ಎಂದೆ. ಊರು ಬಿಟ್ಟು ಕೂಲಿಗೆ ಬಂದವನಿಗೆ ಶಾಲೆಯ ಟಿಸಿ ಇಲ್ಲ, ಜಮೀನಿನ ಪಹಣಿ ಇಲ್ಲ, ಯಾವ ದಾಖಲೆಯೂ ಇಲ್ಲ. ಅಂಥವನಿಗೆ ಸಿಕ್ಕ ಮೊದಲ ಗುರುತು ಆಧಾರ್. ಅವನ ಹೆಸರಿನ ದುಡ್ಡು ಇನ್ನೊಬ್ಬ ತಿನ್ನದ ಹಾಗೆ ಮಾಡೋದೂ ಅವನ ಘನತೆಯನ್ನು ಕಾಯೋದೇ. ಹೀಗೆ ಹೇಳಿದೆ. ಮೇಷ್ಟ್ರು "ಹೌದಪ್ಪ, ನಾನು ಹೇಳ್ತಿದ್ದದ್ದು ಇದೇ" ಎಂದರು. ಒಂದು ವರ್ಷದ ಮೇಲೆ ಅವರು ನನ್ನ ಮಾತಿಗೆ ಹೌದು ಎಂದದ್ದು ಅದೇ ಮೊದಲು. ಆಮೇಲೆ ನನ್ನ ಮಾತನ್ನೂ ಪೂರ್ತಿ ಕೇಳಿಸಿಕೊಂಡರು. ಈಗಲೂ ಯಾರ ಜೊತೆ ವಾದ ಮಾಡಿದರೂ ಇದನ್ನೇ ಮೊದಲು ಮಾಡುತ್ತೇನೆ. ಎದುರಿನವರು ಹೌದು ಅನ್ನುವವರೆಗೂ ನನ್ನ ವಾದ ಶುರು ಮಾಡುವುದಿಲ್ಲ.

ನಾನು ದೊಡ್ಡ ತಪ್ಪನ್ನೂ ಮಾಡಿದೆ. ಸಿಮ್‌ಗೆ ಆಧಾರ್ ಕೊಡಬೇಡಿ, ಸುಪ್ರೀಂ ಕೋರ್ಟೇ ಹೇಳಿದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಗ್ರಾಹಕರು ತಾವಾಗಿ ಒಪ್ಪಿದರೆ ಆಧಾರ್ ಬಳಸಬಹುದು ಎಂದಾಗಿತ್ತು. ನಾನು ಮಾತ್ರ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದೆ. ಅದೇ ವಕೀಲೆ ಎಲ್ಲರೆದುರು ತಿದ್ದಿದರು. ಅವತ್ತಿನಿಂದ ರಟ್ಟಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಇದು ಯಾವ ತಾರೀಖಿನ ಮಾತು?" 2022ರ ಮೇ 27ಕ್ಕೆ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಪ್ರತಿಯನ್ನು ಎಲ್ಲರಿಗೂ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಬಳಸಿ ಎಂದಿತು. ನನಗೆ ಹಬ್ಬ. ತಕ್ಷಣ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದೆ. 29ಕ್ಕೆ ಕೇಂದ್ರ ಸರ್ಕಾರ, ಜನ ತಪ್ಪು ತಿಳಿಯಬಹುದು ಎಂದು ಅದನ್ನು ವಾಪಸ್ ತಗೊಂಡಿತು. ಮೊದಲನೆಯದನ್ನು ಕಿತ್ತುಹಾಕಲಿಲ್ಲ. ಎರಡನ್ನೂ ಪಕ್ಕಪಕ್ಕ ಅಂಟಿಸಿ, ತಾರೀಖಿಗೆ ಕೆಂಪು ಸುತ್ತು ಹಾಕಿದೆ.

ಮಾಸ್ಕ್ ಮಾಡಿದ ಆಧಾರ್ ಮಾತ್ರ ಇಂದಿಗೂ ಇದೆ. ಡೌನ್‌ಲೋಡ್ ಮಾಡಿಸೋಕೆ ಬಂದವರಿಗೆ ನಾನು ಮೊದಲು ತೆಗೆದುಕೊಡುವುದೇ ಅದನ್ನು. ಪೂರ್ತಿ ಅಂಕಿ ಬೇಕೇ ಬೇಕು ಎಂದರೆ ಮಾತ್ರ ಇನ್ನೊಂದು. ಪ್ರತಿಯ ಮೇಲೆ ಯಾವ ಕೆಲಸಕ್ಕೆ ಅಂತ ಬರೆದು ತಾರೀಖು ಹಾಕಿ ಸಹಿ ಮಾಡಿ ಎನ್ನುತ್ತೇನೆ. ಕೆಟ್ಟ ಪ್ರತಿಯನ್ನು ಗಿರಾಕಿ ಎದುರೇ ಹರಿಯುತ್ತೇನೆ. ಸಂಜೆ ಶಟರ್ ಎಳೆಯುವ ಮೊದಲು ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇನೆ. ರದ್ದಿಗೆ ಈಗ ಹಳೇ ಪೇಪರ್ ಮಾತ್ರ ಹೋಗುತ್ತದೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ದಂಡ 250 ಕೋಟಿ ರೂಪಾಯಿವರೆಗೂ ಇದೆ. ನಾನು ಮೊದಲು ಹುಡುಕಿದ್ದು ಪೊಟ್ಟಣದ ಅಜ್ಜಿಗೆ ಇದರಲ್ಲಿ ಏನಿದೆ ಅಂತ. ಏನೂ ಇರಲಿಲ್ಲ. ಡಿಜಿಟಲ್ ಆಗಿ ಪಡೆದ, ಅಥವಾ ಕಾಗದದಿಂದ ಡಿಜಿಟಲ್‌ಗೆ ಏರಿಸಿದ ವಿವರಕ್ಕೆ ಮಾತ್ರ ಈ ಕಾಯ್ದೆ. ನನ್ನ ಡೌನ್‌ಲೋಡ್ ಫೋಲ್ಡರ್ ಅದರೊಳಗೆ ಬರುತ್ತದೆ, ಕಾಗದವಾಗಿಯೇ ಉಳಿದ ಪ್ರತಿಗಳ ಡಬ್ಬ ಬರುವುದಿಲ್ಲ. ಹಾಗಂತ ಡಬ್ಬವನ್ನು ಮತ್ತೆ ರದ್ದಿಗೆ ಹಾಕಲಾ? ರಟ್ಟಿನ ಮೂರನೆಯ ಪ್ರಶ್ನೆ ಇರುವುದು ಇಂಥ ಜಾಗಕ್ಕೇ.

ಈಗ ಬೆಂಚಿನ ಮೇಲೆ ಹೊಸ ವಾದ ನಡೆದಿದೆ, ಈ ಸಲ ನನಗೆ ನಿಜಕ್ಕೂ ಕಷ್ಟವಾಗಿದೆ. ಅದೇ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ ಎಂದು ಹೇಳುವ 8(1)(ಜೆ) ಕಲಮನ್ನೂ ಬದಲಿಸಿದೆ. ಮೊದಲು ಆ ಕಲಮಿನಲ್ಲಿ, ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತಕ್ಕೆ ಬೇಕಾದರೆ ಕೊಡಬೇಕು, ಶಾಸನಸಭೆಗೆ ಕೊಡಲೇಬೇಕಾದ್ದನ್ನು ಪ್ರಜೆಗೂ ನಿರಾಕರಿಸಬಾರದು ಎಂದಿತ್ತು. ಈಗ ಆ ಕಲಮಿನಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿ ಎಂಬಷ್ಟೇ. ನನ್ನ ಅಂಗಡಿಯಲ್ಲಿ ವಾರಕ್ಕೆ ನಾಲ್ಕೈದು ಮಾಹಿತಿ ಹಕ್ಕಿನ ಅರ್ಜಿ ಟೈಪ್ ಆಗುತ್ತವೆ. ರಸ್ತೆ ಕಾಮಗಾರಿ ಬಿಲ್ಲು ಯಾರ ಹೆಸರಿಗೆ ಆಯಿತು, ಮನೆ ಯಾರಿಗೆ ಮಂಜೂರಾಯಿತು ಎಂಬಂಥ ಪ್ರಶ್ನೆಗಳು. ಎಲ್ಲದರಲ್ಲೂ ಯಾರದೋ ಹೆಸರು ಇದ್ದೇ ಇರುತ್ತದೆ. ಇಷ್ಟು ವರ್ಷ ಖಾಸಗಿತನ ಎಂದು ಹೊಡೆದಾಡಿದವನು ನಾನು. ಅದೇ ಮಾತು ಕಚೇರಿಯ ಬಾಗಿಲು ಮುಚ್ಚೋಕೆ ಬಳಕೆಯಾಗಬಹುದು ಅಂದಾಗ ಹೊಟ್ಟೆಯಲ್ಲಿ ಸಂಕಟ.

ಮೇಷ್ಟ್ರು 8(2) ಕಲಮು ಇನ್ನೂ ಇದೆ, ಸಾರ್ವಜನಿಕ ಹಿತ ಜಾಸ್ತಿ ಇದ್ದರೆ ಕೊಡಬಹುದು ಅಂತ ಅಲ್ಲಿದೆ ಎನ್ನುತ್ತಾರೆ. 'ಕೊಡಬಹುದು' ಮತ್ತು 'ಕೊಡಬೇಕು' ಒಂದೇನಾ ಎಂದು ನಾನು ಕೇಳಿದೆ. ಅವರು ಎದ್ದು, ಮೂರೂ ಪ್ರಶ್ನೆಯ ರಟ್ಟನ್ನು ಗೋಡೆಯಿಂದ ಬಿಡಿಸಿ ತಂದು ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು. ಎರಡೂ ಕಾಯ್ದೆಯ ಪ್ರತಿ ತೆಗೆ ಎಂದರು. ಮೆಷಿನ್ ಆನ್ ಮಾಡಿದೆ.