ಹಸಿರು ದೀಪ, ಸತ್ತ ಸರ್ಕ್ಯೂಟ್

ಟೆಲಿಕಾಂ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಫೈಬರ್ ಕಟ್‌ನಷ್ಟು ಸಲೀಸಾದ ದೂರು ಇನ್ನೊಂದಿಲ್ಲ. ಜೆಸಿಬಿ ರಸ್ತೆ ಅಗೆಯಿತು, ಕೇಬಲ್ ಹರಿಯಿತು, ಪರದೆ ತುಂಬ ಕೆಂಪು. ಎಲ್ಲಿ ಹೋಗಿದೆ ಎಂದು ಯಂತ್ರವೇ ಹೇಳುತ್ತದೆ, ಸ್ಪ್ಲೈಸಿಂಗ್ ಹುಡುಗರನ್ನು ಓಡಿಸಿದರೆ ಮುಗಿಯಿತು. ಹೈರಾಣು ಮಾಡುವ ದೂರು ಬೇರೆಯೇ ಜಾತಿಯದು. ಪರದೆಯಲ್ಲಿ ಒಂದು ಅಲಾರಂ ಇಲ್ಲ, ಎಲ್ಲ ಹಸಿರು, ಆದರೆ ಆ ಕಡೆಯಿಂದ ಗ್ರಾಹಕ ‘ಏನೂ ಹೋಗುತ್ತಿಲ್ಲ’ ಎನ್ನುತ್ತಾನೆ. ನಮ್ಮವರು ‘ಸರ್ಕ್ಯೂಟ್ ಅಪ್ ಇದೆ ಸರ್’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಇಂಥ ದೂರುಗಳ ಬೆನ್ನು ಹತ್ತುವುದೇ ಬಹಳ ವರ್ಷ ನನ್ನ ಕೆಲಸವಾಗಿತ್ತು.

ವರ್ಚುವಲ್ ಸರ್ಕ್ಯೂಟ್ ಎನ್ನುವುದು ತಂತಿಯಲ್ಲ. ದಾರಿಯಲ್ಲಿರುವ ಪ್ರತಿ ಪೆಟ್ಟಿಗೆಯಲ್ಲೂ ಒಂದು ಸಾಲು ಬರೆದಿರುತ್ತದೆ: ಈ ಪೋರ್ಟಿನಿಂದ ಈ ನಂಬರಿನೊಂದಿಗೆ ಬಂದದ್ದನ್ನು ಆ ಪೋರ್ಟಿಗೆ ಆ ನಂಬರ್ ಹಚ್ಚಿ ಕಳಿಸು. ಅಂಥ ಸಾಲುಗಳ ಸರಪಣಿಯೇ ಸರ್ಕ್ಯೂಟ್. ನಡುವಿನ ಒಂದು ಸಾಲು ಅಳಿಸಿಹೋದರೂ ಸರ್ಕ್ಯೂಟ್ ಸತ್ತಂತೆ. ತಂತಿಗಳಿಗೆ ಮಾತ್ರ ಏನೂ ಆಗಿರುವುದಿಲ್ಲ, ಹಾಗಾಗಿ ದೀಪಗಳೂ ಉರಿಯುತ್ತಲೇ ಇರುತ್ತವೆ.

ನಾನು ಕೆಲಸ ಕಲಿತದ್ದು ಫ್ರೇಮ್ ರಿಲೇ ಮತ್ತು ಎಟಿಎಂ (ಹಣದ ಯಂತ್ರವಲ್ಲ) ಎಂಬ ಹಳೆಯ ವರ್ಚುವಲ್ ಸರ್ಕ್ಯೂಟ್ ತಂತ್ರಗಳ ಕಾಲದಲ್ಲಿ. ಫ್ರೇಮ್ ರಿಲೇಯಲ್ಲಿ ರೂಟರ್ ಪ್ರತಿ 10 ಸೆಕೆಂಡಿಗೆ ಸ್ವಿಚ್ಚಿಗೆ ‘ಇದ್ದೀಯಾ?’ ಎಂದು ಕೇಳುತ್ತಿತ್ತು, ಆರನೇ ಸಲಕ್ಕೊಮ್ಮೆ ಎಲ್ಲ ಪಿವಿಸಿಗಳ (ಕಾಯಂ ವರ್ಚುವಲ್ ಸರ್ಕ್ಯೂಟ್‌ಗಳ) ಪಟ್ಟಿ ತರಿಸಿಕೊಳ್ಳುತ್ತಿತ್ತು. ಇದು ಎಲ್‌ಎಂಐ. ನೋಡಲು ಚೆಂದ, ಆದರೆ ಮಾತುಕತೆ ನಡೆಯುವುದು ರೂಟರಿಗೂ ಅದರ ಪಕ್ಕದ ಸ್ವಿಚ್ಚಿಗೂ ಮಾತ್ರ. ಆಚೆ ತುದಿಯ ವಿಷಯ ಸ್ವಿಚ್ಚುಗಳು ತಮ್ಮತಮ್ಮಲ್ಲಿ ಸರಿಯಾಗಿ ದಾಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಟಿಎಂ ಈ ವಿಷಯದಲ್ಲಿ ಬುದ್ಧಿವಂತ. ಅದರಲ್ಲಿ ಡೇಟಾ ಓಡುವುದು ಸೆಲ್ ಎಂಬ 53 ಬೈಟಿನ ತುಂಡುಗಳಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಐ.610 ಶಿಫಾರಸಿನಲ್ಲಿ ತಪಾಸಣೆಗೆಂದೇ ಓಎಎಂ ಸೆಲ್‌ಗಳಿದ್ದವು. ಅವು ಗ್ರಾಹಕನ ಸೆಲ್‌ಗಳ ಜೊತೆಗೇ, ಅದೇ ನಂಬರಿನಲ್ಲಿ, ಅದೇ ದಾರಿಯಲ್ಲಿ ಓಡುತ್ತಿದ್ದವು. ಕಂಟಿನ್ಯೂಟಿ ಚೆಕ್ ಹಾಕಿದರೆ ಸೆಕೆಂಡಿಗೊಂದು ಸೆಲ್ ಹೋಗುತ್ತದೆ, ಸುಮಾರು ಮೂರೂವರೆ ಸೆಕೆಂಡ್ ಯಾವ ಸೆಲ್ಲೂ ಬಾರದಿದ್ದರೆ ಆ ತುದಿ ಸರ್ಕ್ಯೂಟ್ ಹೋಗಿದೆ ಎಂದು ಸಾರುತ್ತದೆ. ನಮ್ಮಲ್ಲಿ ಅದನ್ನು ಚಾಲೂ ಮಾಡಿದವರು ಕಡಿಮೆ. ‘ಬ್ಯಾಂಡ್‌ವಿಡ್ತ್ ತಿನ್ನುತ್ತದೆ’ ಎಂಬ ನೆಪ ಸದಾ ಸಿದ್ಧವಾಗಿತ್ತು. ಸೆಕೆಂಡಿಗೆ 53 ಬೈಟ್! ಅದೆಷ್ಟು ತಿಂದೀತು.

ಆಮೇಲೆ ಪ್ಯಾಕೆಟ್ಟಿಗೆ ಲೇಬಲ್ ಎಂಬ ನಂಬರ್ ಹಚ್ಚಿ ದಾಟಿಸುವ ಎಂಪಿಎಲ್‌ಎಸ್ ಬಂತು, ಸರ್ಕ್ಯೂಟ್‌ಗಳೆಲ್ಲ ಅದರ ಮೇಲೆ ಓಡುವ ಸೂಡೋವೈರ್‌ಗಳಾದವು. ಅಲ್ಲಿಂದ ನನ್ನ ನಿಜವಾದ ಪಾಠ ಶುರು.

ಮಲೆನಾಡಿನ ಕಡೆಯ ಮೊಬೈಲ್ ಟವರ್‌ಗಳನ್ನು ಶಿವಮೊಗ್ಗದ ರೂಟರಿಗೆ ತಂದು, ಅಲ್ಲಿಂದ ಬೆಂಗಳೂರಿನ ಬಿಎಸ್‌ಸಿವರೆಗೆ (ಟವರ್‌ಗಳನ್ನು ನಿಯಂತ್ರಿಸುವ ಪೆಟ್ಟಿಗೆ) ಇ1 ಎಂಬ ಡಿಜಿಟಲ್ ಲೈನುಗಳನ್ನು ಸೂಡೋವೈರ್ ಮೇಲೆ ಒಯ್ಯುತ್ತಿದ್ದೆವು. ಮಳೆಗಾಲದ ಒಂದು ಫೈಬರ್ ಕಟ್ ಆದ ಮೇಲೆ ಟ್ರಾಫಿಕ್ ರಿಂಗಿನ ಇನ್ನೊಂದು ಬದಿಗೆ ಹೊರಳಿತು. ಜಾಯಿಂಟ್ ಹಾಕಿ ಕೇಬಲ್ ಸರಿಹೋಯಿತು, ಲಿಂಕ್ ಎದ್ದಿತು. ಅಲ್ಲಿಯವರೆಗೆ ಚೆನ್ನಾಗಿದ್ದ ಟವರ್‌ಗಳು ಲಿಂಕ್ ಎದ್ದ ಮೇಲೆ ಬಿದ್ದವು! ಬಿಎಸ್‌ಸಿ ಕಡೆಯವರು ‘ಇ1ನಲ್ಲಿ ಎಐಎಸ್ ಬರ್ತಿದೆ, ಟ್ರಾನ್ಸ್‌ಮಿಷನ್ ನೋಡಿ’ ಎಂದರು. ಎಐಎಸ್ ಎಂದರೆ ‘ಹಿಂದೆಲ್ಲೋ ಕೆಟ್ಟಿದೆ’ ಎಂಬ ಸಂಕೇತ. ಟ್ರಾನ್ಸ್‌ಮಿಷನ್‌ನವರು ‘ಪವರ್ ಲೆವೆಲ್ ಸರಿಯಿದೆ, ಐಪಿಯವರನ್ನು ಕೇಳಿ’ ಎಂದರು. ಐಪಿಯವರೆಂದರೆ ನಾವು. ಶಿವಮೊಗ್ಗಕ್ಕೆ ಪಿಂಗ್ (ಉತ್ತರ ಬೇಡುವ ಪರೀಕ್ಷಾ ಪ್ಯಾಕೆಟ್) ಹೊಡೆದರೆ ಒಂದೂ ಪ್ಯಾಕೆಟ್ ತಪ್ಪುತ್ತಿಲ್ಲ. ಸೂಡೋವೈರ್ ಸ್ಥಿತಿ ನೋಡಿದರೆ ‘ಅಪ್’.

ಪಿಂಗ್ ಹೋದದ್ದು ಏಕೆ? ಅದು ಬರೀ ಐಪಿ ಪ್ಯಾಕೆಟ್. ಲೇಬಲ್ ಇದ್ದರೂ ಹೋಗುತ್ತದೆ, ದಾರಿಯಲ್ಲಿ ಲೇಬಲ್ ಕಳಚಿದರೂ ವಿಳಾಸ ನೋಡಿಕೊಂಡು ಮುಂದೆ ಹೋಗುತ್ತದೆ. ಸೂಡೋವೈರ್ ಅಪ್ ಎಂದು ತೋರಿಸಿದ್ದು ಏಕೆ? ರೂಟರ್‌ಗಳು ಲೇಬಲ್‌ಗಳನ್ನು ಪರಸ್ಪರ ತಿಳಿಸಿಕೊಳ್ಳುವುದು ಎಲ್‌ಡಿಪಿಯಲ್ಲಿ; ಎರಡು ತುದಿಗಳ ನಡುವಿನ ಆ ಎಲ್‌ಡಿಪಿ ಸೆಷನ್ ಕೂಡ ಐಪಿ ಮೇಲಿನ ಒಂದು ಟಿಸಿಪಿ ಸಂಪರ್ಕ, 646ನೇ ಪೋರ್ಟು. ಅದೂ ಹಾಗೇ ದಾಟುತ್ತದೆ. ಗ್ರಾಹಕನ ಪ್ಯಾಕೆಟ್ ಮಾತ್ರ ಹಾಗೆ ದಾಟಲಾರದು. ಅದರ ಮೇಲೆ ಎರಡು ಲೇಬಲ್ ಇರುತ್ತವೆ: ಹೊರಗಿನದು ದಾರಿಗೆ, ಒಳಗಿನದು ಸರ್ಕ್ಯೂಟಿಗೆ. ಹೊರಗಿನದು ನಡುದಾರಿಯಲ್ಲಿ ಕಳಚಿದರೆ ಒಳಗಿನದರ ಅರ್ಥ ಅಲ್ಲಿರುವ ರೂಟರಿಗೆ ಗೊತ್ತಿಲ್ಲ. ಕಸದ ಬುಟ್ಟಿಗೆ ಹಾಕುತ್ತದೆ, ಯಾರಿಗೂ ಹೇಳುವುದಿಲ್ಲ.

ಹಾಗಾಗಿ ಎಲ್‌ಎಸ್‌ಪಿ ಪಿಂಗ್ ಹೊಡೆದೆ; ಎಲ್‌ಎಸ್‌ಪಿ ಎಂದರೆ ಲೇಬಲ್‌ಗಳ ದಾರಿ. 2006ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡಗಳ ದಾಖಲೆ) 4379ರಲ್ಲಿ ಬಂದದ್ದು, ಈಗ 8029 ಅದರ ಜಾಗದಲ್ಲಿದೆ. ಇದರ ಉಪಾಯ ನನಗೆ ತುಂಬ ಇಷ್ಟ. ಪ್ಯಾಕೆಟ್ಟಿನ ಗುರಿ ವಿಳಾಸವಾಗಿ 127ರಿಂದ ಶುರುವಾಗುವುದನ್ನು ಹಾಕುತ್ತಾರೆ. ಲೇಬಲ್ ಕೊನೆವರೆಗೆ ಉಳಿದರೆ ಪ್ಯಾಕೆಟ್ ತುದಿ ಮುಟ್ಟುತ್ತದೆ. ನಡುವೆ ಕಳಚಿದರೆ ಆ ರೂಟರ್ ವಿಳಾಸ ನೋಡುತ್ತದೆ, 127 ಎಂದರೆ ತನ್ನದೇ, ಮುಂದೆ ಕಳಿಸುವಂತಿಲ್ಲ. ಐಪಿ ದಾರಿ ಹಿಡಿದು ತುದಿ ಮುಟ್ಟಿ ‘ಎಲ್ಲ ಸರಿ’ ಎಂದು ಸುಳ್ಳು ಹೇಳಲು ಅದಕ್ಕೆ ಎಡೆಯೇ ಇಲ್ಲ.

ಬೆಂಗಳೂರಿನಿಂದ ಹೊಡೆದಾಗ ಪಾಸಾಯಿತು. ಹೊಸಬರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಎಲ್‌ಎಸ್‌ಪಿ ಒಂದೇ ದಿಕ್ಕಿನದು, ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ, ಉತ್ತರ ಬರುವುದಂತೂ ಸಾಮಾನ್ಯವಾಗಿ ಮಾಮೂಲಿ ಐಪಿ ಮೇಲೆ. ಶಿವಮೊಗ್ಗಕ್ಕೆ ಲಾಗಿನ್ ಆಗಿ ಅಲ್ಲಿಂದ ಬೆಂಗಳೂರಿನ ಕಡೆಗೆ ಹೊಡೆದಾಗ ‘ಲೇಬಲ್ ಇಲ್ಲದ ಹೊರಪೋರ್ಟ್’ ಎಂಬ ಉತ್ತರ ಬಂತು. ಎಲ್‌ಎಸ್‌ಪಿ ಟ್ರೇಸ್ ಓಡಿಸಿದ ಮೇಲೆ ರೂಟರಿನ ಹೆಸರೂ ಸಿಕ್ಕಿತು. ದುರಸ್ತಿಯಾದ ಆ ಲಿಂಕಿನ ಮೇಲೆ ಐಪಿ ದಾರಿ ಆರಿಸುವ ಓಎಸ್‌ಪಿಎಫ್ ಎದ್ದಿತ್ತು, ಎಲ್‌ಡಿಪಿ ಎದ್ದಿರಲಿಲ್ಲ. ಓಎಸ್‌ಪಿಎಫ್‌ಗೆ ಅದರ ಪರಿವೆಯಿಲ್ಲ, ಹತ್ತಿರದ ದಾರಿ ಸಿಕ್ಕಿತೆಂದು ಟ್ರಾಫಿಕ್ಕನ್ನೆಲ್ಲ ಅತ್ತ ನೂಕಿತು. ಎಲ್‌ಡಿಪಿ ಎಬ್ಬಿಸಿದೆವು, ಟವರ್‌ಗಳು ಬಂದವು. ಆಮೇಲೆ ಎಲ್ಲ ಕೋರ್ ಲಿಂಕ್‌ಗಳ ಮೇಲೂ ಎಲ್‌ಡಿಪಿ–ಐಜಿಪಿ ಸಿಂಕ್ (ಐಜಿಪಿ ಎಂದರೆ ಓಎಸ್‌ಪಿಎಫ್‌ನಂಥವು) ಹಾಕಿಸಿದೆವು. ಎಲ್‌ಡಿಪಿ ಏಳುವ ತನಕ ಲಿಂಕಿನ ಮೆಟ್ರಿಕ್ (ದಾರಿ ಆರಿಸಲು ನೋಡುವ ‘ದೂರ’) ಗರಿಷ್ಠದಲ್ಲಿ, ಓಎಸ್‌ಪಿಎಫ್‌ನಲ್ಲಿ 65535ರಲ್ಲಿ, ಇರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಟ್ರಾಫಿಕ್ ಅತ್ತ ಹೋಗುತ್ತದೆ.

ಒಂದು ಸಣ್ಣ ಮಾತು. ಇ1 ಸಾಗಿಸುವ ಸೂಡೋವೈರಿನ ಕಂಟ್ರೋಲ್ ವರ್ಡಿನಲ್ಲಿ (ಲೇಬಲ್‌ಗಳಿಗೂ ಡೇಟಾಕ್ಕೂ ನಡುವಿನ 4 ಬೈಟಿನ ಹೆಡರ್) ಆರ್ ಎಂಬ ಒಂದು ಬಿಟ್ ಇದೆ. ‘ನಿನ್ನ ಪ್ಯಾಕೆಟ್ ನನಗೆ ಬರುತ್ತಿಲ್ಲ’ ಎಂದು ಒಂದು ತುದಿ ಇನ್ನೊಂದಕ್ಕೆ ಹೇಳುವುದು ಅದರಲ್ಲೇ. ಪ್ಯಾಕೆಟ್ ಬಾರದಿದ್ದಾಗ ಇ1ನ ಮೇಲೆ ಎಲ್ಲ ಒಂದುಗಳನ್ನು ತುಂಬಿ ಕಳಿಸುವುದೂ ರೂಟರೇ, ಬಿಎಸ್‌ಸಿಗೆ ಕಂಡ ಎಐಎಸ್ ಅದು. ಟ್ರಾನ್ಸ್‌ಮಿಷನ್ನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಬಿಟ್ಟನ್ನು ಮಾನಿಟರಿಂಗ್‌ಗೆ ತಂದಿದ್ದರೆ ಅರ್ಧ ಗಂಟೆಯ ಫೋನ್ ಜಗಳ ಉಳಿಯುತ್ತಿತ್ತು. ಈಗ ತಂದಿದ್ದೇವೆ.

ಕೈಯಿಂದ ಹೊಡೆಯುವ ಪಿಂಗ್ ದೂರು ಬಂದ ಮೇಲಿನ ಕೆಲಸ. ದೂರಿಗೆ ಮೊದಲೇ ತಿಳಿಯಬೇಕಾದರೆ ಬಿಎಫ್‌ಡಿ ಬೇಕು. 2010ರ ಆರ್‌ಎಫ್‌ಸಿ 5880. ಎರಡು ತುದಿಗಳೂ ನಿಗದಿತ ಅಂತರದಲ್ಲಿ ಚಿಕ್ಕ ಪ್ಯಾಕೆಟ್ ಕಳಿಸುತ್ತಿರುತ್ತವೆ, ಸಾಲಾಗಿ ಇಷ್ಟು ಬಾರದಿದ್ದರೆ ಡೌನ್. ಸೂಡೋವೈರಿನ ಒಳಗೇ ಅದನ್ನು ಓಡಿಸಲು ವಿಸಿಸಿವಿ ಎಂಬ ಪರೀಕ್ಷಾ ಹಾದಿ ಇದೆ. ಟೈಮರ್ ಇಡುವಾಗ ಹುಮ್ಮಸ್ಸು ಬೇಡ. 50 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಎಂದು ಸಾವಿರ ಸರ್ಕ್ಯೂಟಿಗೆ ಹಾಕಿದರೆ ಒಂದು ದಿಕ್ಕಿಗೆ ಸೆಕೆಂಡಿಗೆ 20,000 ಪ್ಯಾಕೆಟ್. ಹಾರ್ಡ್‌ವೇರ್ ಹೊರದಿದ್ದರೆ ಸಿಪಿಯು ಉಸಿರುಗಟ್ಟಿ, ಸರ್ಕ್ಯೂಟ್ ಚೆನ್ನಾಗಿದ್ದಾಗಲೂ ಬಿಎಫ್‌ಡಿ ಬೀಳುತ್ತದೆ. ಇನ್ನೊಂದು ಲೆಕ್ಕವೂ ಇದೆ: ಕೆಳಗೆ ಎಸ್‌ಡಿಎಚ್ (ಫೈಬರ್ ಟ್ರಾನ್ಸ್‌ಮಿಷನ್ ವ್ಯವಸ್ಥೆ) ರಿಂಗ್ ಇದ್ದರೆ ಅದು 50 ಮಿಲಿಸೆಕೆಂಡಿನೊಳಗೆ ತಾನೇ ದಾರಿ ಬದಲಿಸಿಕೊಳ್ಳುತ್ತದೆ, ಅದಕ್ಕೂ ಮೊದಲು ನಾವು ಕಿರುಚಿಕೊಳ್ಳಬಾರದು. ನಾನು ಟವರ್ ಸರ್ಕ್ಯೂಟ್‌ಗಳಿಗೆ 300 ಮಿಲಿಸೆಕೆಂಡ್, ಮೂರು ತಪ್ಪಿದರೆ ಡೌನ್ ಎಂದು ಇಟ್ಟೆ. ಸೆಕೆಂಡಿನೊಳಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಬಿಎಫ್‌ಡಿ ಬಿದ್ದಾಗ ಎಲ್ಲರೂ ‘ಡೌನ್’ ಎಂಬ ಪದ ಮಾತ್ರ ಓದುತ್ತಾರೆ, ಡಯಾಗ್ನೋಸ್ಟಿಕ್ ಕೋಡ್ ಓದುವುದಿಲ್ಲ. ಕೋಡ್ 1 ಇರುವ ತುದಿಗೆ ಪ್ಯಾಕೆಟ್ ಬರುವುದು ನಿಂತಿದೆ. ಕೋಡ್ 3 ಇರುವ ತುದಿಗೆ ‘ನಾನು ಬಿದ್ದೆ’ ಎಂದು ಆಚೆಯವನು ಹೇಳಿದ್ದಾನೆ, ಅಂದರೆ ಆಚೆಯಿಂದ ಇಲ್ಲಿಗೆ ದಾರಿ ಚೆನ್ನಾಗಿದೆ. ಒಂದೆಡೆ 1, ಇನ್ನೊಂದೆಡೆ 3 ಕಂಡರೆ 3 ಇರುವ ಕಡೆಯಿಂದ 1 ಇರುವ ಕಡೆಗೆ ಹೋಗುವ ದಿಕ್ಕನ್ನು ಮಾತ್ರ ಹುಡುಕಿ. ಅರ್ಧ ಕೆಲಸ ಅಲ್ಲೇ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಹಾಕಿದ ಮೇಲೂ ಒಂದು ಪ್ರಕರಣ ನಮ್ಮನ್ನು ಸುಸ್ತು ಹೊಡೆಸಿತು. ಬೆಂಗಳೂರು–ಮಂಗಳೂರು ನಡುವೆ ಒಬ್ಬ ಗ್ರಾಹಕನ ಈಥರ್ನೆಟ್ ಸೂಡೋವೈರ್. ಬಿಎಫ್‌ಡಿ ಹಸಿರು. ದೂರು ಏನೆಂದರೆ, ಕೆಲವು ಸರ್ವರ್‌ಗಳಿಗೆ ಮಾತ್ರ ಸರಿಸುಮಾರು ನಾಲ್ಕರಲ್ಲಿ ಒಂದು ಪ್ಯಾಕೆಟ್ ಕಾಣೆ, ಪಕ್ಕದ ರ‍್ಯಾಕಿನ ಸರ್ವರ್‌ಗೆ ಏನೂ ಇಲ್ಲ. ಇಂಥ ದೂರಿಗೆ ಬರುವ ಮೊದಲ ಉತ್ತರ ‘ನಿಮ್ಮ ಸರ್ವರ್ ನೋಡಿಕೊಳ್ಳಿ’. ಕೆಟ್ಟ ಸರ್ವರ್‌ಗಳ ಮ್ಯಾಕ್ ವಿಳಾಸಗಳನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಗ್ರಾಹಕನಿಂದ ತರಿಸಿ ಒಂದರ ಕೆಳಗೊಂದು ಬರೆದೆ. ಎಲ್ಲವೂ 4 ಅಥವಾ 6ರಿಂದ ಶುರು! ಅಲ್ಲಿಂದ ಮುಂದೆ ಗಂಟು ಬಿಚ್ಚಿಕೊಳ್ಳುತ್ತಾ ಹೋಯಿತು.

ನಡುದಾರಿಯಲ್ಲಿ ನಾಲ್ಕು ಲಿಂಕ್‌ಗಳನ್ನು ಕಟ್ಟಿ ಒಂದು ಮಾಡಿದ ಬಂಡಲ್ ಇತ್ತು. ಯಾವ ಪ್ಯಾಕೆಟ್ ಯಾವ ಲಿಂಕಿಗೆ ಎಂದು ಹಂಚಲು ಅಲ್ಲಿನ ರೂಟರ್ ಲೇಬಲ್‌ಗಳ ಕೆಳಗೆ ಇಣುಕುತ್ತದೆ. ಮೊದಲ ನಾಲ್ಕು ಬಿಟ್ 4 ಎಂದಿದ್ದರೆ ಐಪಿವಿ4, 6 ಎಂದಿದ್ದರೆ ಐಪಿವಿ6 ಎಂದು ಊಹಿಸುತ್ತದೆ. ನಮ್ಮ ಸೂಡೋವೈರಿನಲ್ಲಿ ಕಂಟ್ರೋಲ್ ವರ್ಡ್ ಇರಲಿಲ್ಲ, ಹಾಗಾಗಿ ಲೇಬಲ್ಲಿನ ಕೆಳಗೇ ಗುರಿ ಮ್ಯಾಕ್ ವಿಳಾಸ ಕೂತಿತ್ತು. 4ರಿಂದ ಶುರುವಾದ ಮ್ಯಾಕನ್ನು ರೂಟರ್ ಐಪಿ ಹೆಡರ್ ಎಂದುಕೊಂಡು, ಐಪಿ ವಿಳಾಸ ಇರಬೇಕಾದ ಜಾಗದ ಬೈಟ್‌ಗಳನ್ನು ತೆಗೆದು ಲೆಕ್ಕ ಹಾಕುತ್ತಿತ್ತು. ಟ್ಯಾಗ್ ಇಲ್ಲದ ಫ್ರೇಮಿನಲ್ಲಿ ಆ ಜಾಗಕ್ಕೆ ಬರುವುದು ಒಳಗಿನ ನಿಜವಾದ ಐಪಿ ಹೆಡರಿನ ಉದ್ದ ಮತ್ತು ಐಡೆಂಟಿಫಿಕೇಶನ್ ನಂಬರ್. ಅದು ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬದಲಾಗುತ್ತದೆ. ಪರಿಣಾಮ, ಆ ಸರ್ವರ್‌ಗಳ ಪ್ಯಾಕೆಟ್‌ಗಳು ನಾಲ್ಕೂ ಲಿಂಕಿನ ಮೇಲೆ ಚೆಲ್ಲಾಪಿಲ್ಲಿ. ಉಳಿದ ಸರ್ವರ್‌ಗಳದ್ದು ಲೇಬಲ್ ಲೆಕ್ಕದಲ್ಲಿ ಒಂದೇ ಲಿಂಕಿನ ಮೇಲೆ. ನಾಲ್ಕರಲ್ಲಿ ಒಂದು ಲಿಂಕ್ ಬೆಳಕು ತೋರಿಸುತ್ತಾ, ಬಂಡಲ್ ನಿಭಾಯಿಸುವ ಎಲ್‌ಎಸಿಪಿಗೆ ಉತ್ತರಿಸುತ್ತಾ, ಡೇಟಾ ಮಾತ್ರ ನುಂಗುತ್ತಿತ್ತು. ನಮ್ಮ ಬಿಎಫ್‌ಡಿ ಹೋಗುತ್ತಿದ್ದದ್ದು ಬೇರೆ ಲಿಂಕಿನ ಮೇಲೆ. ಕಂಟ್ರೋಲ್ ವರ್ಡ್ ಇಲ್ಲದೆಡೆ ವಿಸಿಸಿವಿ ‘ರೂಟರ್ ಅಲರ್ಟ್’ ಎಂಬ ಹೆಚ್ಚುವರಿ ಲೇಬಲ್ಲನ್ನು ಹಚ್ಚಿಕೊಂಡು ಓಡುವುದುಂಟು, ಒಂದು ಲೇಬಲ್ ಹೆಚ್ಚಾದರೆ ಹಂಚಿಕೆಯ ಲೆಕ್ಕವೂ ಬದಲಾಗಬಹುದು. ಬಸ್ಸು ದಾಟೀತೇ ಎಂದು ತಿಳಿಯಲು ಪಕ್ಕದ ರಸ್ತೆಯಲ್ಲಿ ಬೈಕ್ ಓಡಿಸಿ ನೋಡಿದ ಹಾಗೆ.

ಕೆಟ್ಟ ಲಿಂಕನ್ನು ಬಂಡಲ್‌ನಿಂದ ಹೊರಗಿಟ್ಟ ಕೂಡಲೇ ದೂರು ನಿಂತಿತು. ಆಮೇಲೆ ಎರಡು ಬದಲಾವಣೆ. ಎಲ್ಲ ಈಥರ್ನೆಟ್ ಸೂಡೋವೈರ್‌ಗಳಿಗೂ ಕಂಟ್ರೋಲ್ ವರ್ಡ್ ಹಾಕಿದೆವು. ಅದರ ಮೊದಲ ನಾಲ್ಕು ಬಿಟ್ ಡೇಟಾಕ್ಕೆ ಸೊನ್ನೆ, ವಿಸಿಸಿವಿಗೆ ಒಂದು. ಐಪಿ ಎಂದು ಯಾರೂ ತಪ್ಪು ತಿಳಿಯುವುದಿಲ್ಲ, ಪರೀಕ್ಷೆಯ ಪ್ಯಾಕೆಟ್ಟೂ ಡೇಟಾದ ದಾರಿಯನ್ನೇ ಹಿಡಿಯುತ್ತದೆ. ಎರಡನೆಯದು, ಬಂಡಲ್‌ನ ಪ್ರತಿ ಲಿಂಕಿನ ಮೇಲೂ ಪ್ರತ್ಯೇಕ ಬಿಎಫ್‌ಡಿ, ಆರ್‌ಎಫ್‌ಸಿ 7130 ಹೇಳುವಂತೆ. ಬದಲಾವಣೆಗೆ ಒಪ್ಪಿಗೆ ಪಡೆಯುವುದೇ ದೊಡ್ಡ ಕೆಲಸವಾಯಿತು. ಕಂಟ್ರೋಲ್ ವರ್ಡನ್ನು ಎರಡೂ ತುದಿಯಲ್ಲಿ ಬದಲಿಸುವಾಗ ಸರ್ಕ್ಯೂಟ್ ಒಮ್ಮೆ ಬಿದ್ದೇಳುತ್ತದೆ, ಅದಕ್ಕೆ ಪ್ರತಿ ಗ್ರಾಹಕನಿಂದಲೂ ರಾತ್ರಿಯ ಸಮಯ ಕೇಳಬೇಕು.

ಎಂಟಿಯು (ಲಿಂಕ್ ದಾಟಿಸಬಲ್ಲ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ) ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಎಫ್‌ಡಿಯ ಕಂಟ್ರೋಲ್ ಪ್ಯಾಕೆಟ್ 24 ಬೈಟ್, ಹೆಡರ್‌ಗಳು ಬೇರೆ. ಅದು ಎಲ್ಲಿಯೂ ದಾಟುತ್ತದೆ. ಗ್ರಾಹಕನ 1500 ಬೈಟಿಗೆ ಈಥರ್ನೆಟ್ ಹೆಡರ್ 14, ಕಂಟ್ರೋಲ್ ವರ್ಡ್ 4, ಎರಡು ಲೇಬಲ್‌ಗೆ 8 ಸೇರಿದರೆ 1526. ನಡುವೆ ಯಾವುದೋ ಮೈಕ್ರೋವೇವ್ ಹಾಪ್ ಅಷ್ಟು ಬಿಡದಿದ್ದರೆ ಪಿಂಗ್ ಹೋಗುತ್ತದೆ, ಲಾಗಿನ್ ಪುಟ ಬರುತ್ತದೆ, ಫೈಲ್ ಮಾತ್ರ ಇಳಿಯುವುದಿಲ್ಲ. ಹೊಸ ಸರ್ಕ್ಯೂಟ್ ಹಸ್ತಾಂತರಿಸುವಾಗ ಪೂರ್ಣ ಗಾತ್ರದ ಪ್ಯಾಕೆಟ್ ಹೊಡೆಯದೆ ನಾನು ಸಹಿ ಹಾಕುವುದಿಲ್ಲ.

ಕೊನೆಗೆ ಉಳಿಯುವುದು ತಪ್ಪು ಜೋಡಣೆ. ಇಬ್ಬರು ಗ್ರಾಹಕರ ಸರ್ಕ್ಯೂಟ್ ಅದಲುಬದಲಾದರೆ ಎರಡೂ ಜೀವಂತ, ಎರಡೂ ತಪ್ಪು. ‘ಏನಾದರೂ ಬರುತ್ತಿದೆಯೇ’ ಎಂದಷ್ಟೇ ಕೇಳುವ ಪರೀಕ್ಷೆಗೆ ಇದು ಸಿಕ್ಕುವುದಿಲ್ಲ, ‘ಬರಬೇಕಾದವನಿಂದಲೇ ಬರುತ್ತಿದೆಯೇ’ ಎಂದು ಕೇಳಬೇಕು. ಈಥರ್ನೆಟ್ ಸೇವೆಗಳಲ್ಲಿ ಸಿಎಫ್‌ಎಂ ಎಂಬ ತಪಾಸಣಾ ವ್ಯವಸ್ಥೆ ಇದನ್ನು ಮಾಡುತ್ತದೆ. ಐಇಇಇಯ 802.1ಎಜಿ ಮಾನದಂಡವಾಗಿ 2007ರಲ್ಲಿ ಬಂದದ್ದು. ಅದರ ಪ್ರತಿ ಸಿಸಿಎಂ (ಕಂಟಿನ್ಯೂಟಿ ಚೆಕ್) ಸಂದೇಶದಲ್ಲೂ ಆ ಸೇವೆಯ ಹೆಸರು ಮತ್ತು ಕಳಿಸಿದ ತುದಿಯ ನಂಬರ್ ಇರುತ್ತದೆ, ಬೇರೆ ಹೆಸರು ಕಂಡ ಕೂಡಲೇ ಅಲಾರಂ. ನಾವು ಸೆಕೆಂಡಿಗೊಂದರಂತೆ ಕಳಿಸುತ್ತೇವೆ, ಮೂರೂವರೆ ಸೆಕೆಂಡ್ ಮೌನವಾದರೆ ಸಂಪರ್ಕ ಹೋಯಿತೆಂದು ಲೆಕ್ಕ. ಎಟಿಎಂ ಕಾಲದ ಅದೇ ಸಂಖ್ಯೆ ನೋಡಿ ನಗು ಬರುತ್ತದೆ. ಹೆಸರಿಡುವಾಗ ಮಾತ್ರ ಟೆಂಪ್ಲೇಟಿನಿಂದ ನಕಲು ಮಾಡಿ ಎಲ್ಲ ಗ್ರಾಹಕರಿಗೂ ಒಂದೇ ಹೆಸರು ಅಂಟಿಸುವ ಚಾಳಿ ಫೀಲ್ಡಿನಲ್ಲಿ ಇನ್ನೂ ಇದೆ. ತುದಿಗಳ ನಂಬರೂ ಎಲ್ಲೆಡೆ 1 ಮತ್ತು 2 ಆಗಿರುವುದರಿಂದ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಹೆಸರನ್ನು ಸರ್ಕ್ಯೂಟ್ ಐಡಿಯಿಂದಲೇ ಸ್ಕ್ರಿಪ್ಟ್ ಹುಟ್ಟಿಸುವಂತೆ ಮಾಡಿದ್ದೇವೆ, ಕೈಯಿಂದ ಬರೆದದ್ದು ಸಿಕ್ಕರೆ ಕಾನ್ಫಿಗ್ ವಾಪಸ್ ಹೋಗುತ್ತದೆ.