ರೆಕಾರ್ಡರಲ್ಲಿ ಪ್ರತಿ ಸಾಲಿನ ಮೊದಲಕ್ಷರ ಕಟ್ ಆಗ್ತಿದ್ರೆ (ನನ್ನ ಅನುಭವ)

ಅಜ್ಜಿ ಹೇಳೋ ಸೋಬಾನೆ ಪದಗಳನ್ನ ಪಾಕೆಟ್ ವಾಯ್ಸ್ ರೆಕಾರ್ಡರಲ್ಲಿ ಹಿಡೀತಿದ್ದೆ, ಪ್ರತಿ ಸಾಲಿನ ಶುರು ಕಟ್, "ಸೋಬಾನೆ" ಅಂದಿದ್ದು "ಬಾನೆ" ಅಂತ ಕೇಳೋದು, ಉಸಿರು ತಗೊಳ್ಳೋಕೆ ನಿಲ್ಲಿಸಿದ ಗ್ಯಾಪ್ ಪೂರ್ತಿ ಮಾಯ.

ಹೊಸ ಸೆಲ್ ಹಾಕ್ದೆ, ಮೆಮೊರಿ ಕಾರ್ಡ್ ಬದಲಾಯಿಸ್ದೆ, ಯಾವ್ದೂ ಆಗ್ಲಿಲ್ಲ. ಮೈಕ್ ಸೆನ್ಸಿಟಿವಿಟಿ ಹೈ ಇಟ್ರೆ ಕಟ್ ಆಗೋದು ಸ್ವಲ್ಪ ಕಮ್ಮಿ, ಆದ್ರೆ ಫ್ಯಾನಿನ ಗುಂಯ್ ಸದ್ದೇ ಜಾಸ್ತಿ.

ಕಾರಣ ವಿಓಆರ್. ಸದ್ದು ಬಂದಾಗ ಮಾತ್ರ ರೆಕಾರ್ಡ್ ಮಾಡಿ ಸುಮ್ಮನಾದ್ರೆ ತಾನೇ ನಿಲ್ಲೋ ಸೆಟ್ಟಿಂಗ್ ಇದು, ಮತ್ತೆ ಶುರು ಆಗೋಷ್ಟರಲ್ಲಿ ಮೊದಲಕ್ಷರ ಹೋಗಿರುತ್ತೆ. ಮೀಟಿಂಗಿಗೆ ಓಕೆ, ಹಾಡಿಗೆ ಖಂಡಿತ ಬೇಡ. ಮೊದ್ಲು ರೆಕಾರ್ಡಿಂಗ್ ನಿಲ್ಸಿ (ನಡೀತಿರೋವಾಗ ನನ್ನದ್ರಲ್ಲಿ ಈ ಆಪ್ಷನ್ ಬರಲ್ಲ), ಮೆನು, ರೆಕಾರ್ಡ್ ಸೆಟ್ಟಿಂಗ್, ವಿಓಆರ್ ಆಫ್. ಆಮೇಲೆ ಸೆನ್ಸಿಟಿವಿಟಿ ಮೀಡಿಯಂ, ಫ್ಯಾನ್ ಸದ್ದಿಗೆ ಲೋ ಕಟ್ ಆನ್, ಎಂಪಿ3 192 ಕೆಬಿಪಿಎಸ್, ಗಂಟೆಗೆ ಸುಮಾರು 86 ಎಂಬಿ ಅಷ್ಟೇ ಹಿಡಿಯೋದು. ಮಡಚಿದ ಟವೆಲ್ ಮೇಲಿಟ್ಟು ಮೈಕ್ ಹಾಡೋರ ಕಡೆ ತಿರುಗ್ಸಿ, ಒಂದು ಮೊಳ ದೂರ ಸಾಕು.

ಇನ್ನೊಂದು, ನನ್ನದ್ರಲ್ಲಿ ಸೀನ್ ಮೋಡ್ (ಮೀಟಿಂಗ್, ಹಾಡು ಅಂತ ಸಂದರ್ಭಕ್ಕೆ ತಕ್ಕ ರೆಡಿ ಸೆಟ್ಟಿಂಗ್) ಬದಲಾಯಿಸಿದ್ರೆ ವಿಓಆರ್ ವಾಪಸ್ ಆನ್ ಆಗುತ್ತೆ. ರೆಕಾರ್ಡ್ ಒತ್ತಿ ಎಲ್ರೂ ಸುಮ್ನಿದ್ದು ಸ್ಕ್ರೀನ್ ನೋಡಿ, ಆಗ್ಲೂ ಟೈಮರ್ ಓಡ್ತಿದ್ರೆ ಆಫ್ ಆಗಿದೆ ಅಂತ.